ಬಲಬದಿಯ ಹ್ಯಾಂಡಲ್

ಬಂದರಿನ ಓಣಿಯಲ್ಲಿ ಒಣಮೀನಿನ ಗೋಣಿಗಳ ಪಕ್ಕ
ಮುಝಮ್ಮಿಲನ ರಿಪೇರಿ ಅಂಗಡಿ.
ಬೆನ್ನು ಬಿಚ್ಚಿದ ಟಿವಿಗಳ ನಡುವೆ
ಹರಡಿದ ಪೇಪರಿನ ಮೇಲೆ ಮೂರು ಹ್ಯಾಂಡಲ್,
ಬಂಗುಡೆ ಇಟ್ಟ ಹಾಗೆ.
"ಮುಟ್ಟಿ ನೋಡಿ ಅಣ್ಣ, ಮುಟ್ಟದೆ ಎಂತ ಗೊತ್ತಾಗುದು?"

ನನಗೀಗ ನಲವತ್ತಾರು. ಸಿಟಿ ಬಸ್ಸಿನ ಡ್ರೈವರ್.
ಸ್ಟೇಟ್‌ಬ್ಯಾಂಕಿನಿಂದ ಕುಲಶೇಖರ, ಕುಲಶೇಖರದಿಂದ ಸ್ಟೇಟ್‌ಬ್ಯಾಂಕ್,
ಎಡಗೈ ದಿನಕ್ಕೆ ಸಾವಿರ ಸಲ ಗೇರು ಬದಲಿಸುತ್ತದೆ,
ನನ್ನನ್ನು ಕೇಳುವುದೂ ಇಲ್ಲ.
ಹಾಗಾಗಿ ಆರಿಸುವ ಕೆಲಸ ಅದಕ್ಕೇ ಬಿಟ್ಟೆ.

ಮೊದಲನೆಯದರ ಒಳಗೆ ದುಂಡು ಗೇಟು.
ನುಣ್ಣಗೆ ಸುತ್ತುತ್ತದೆ, ಎಲ್ಲೂ ತಡೆಯಿಲ್ಲ,
ಮೂಲೆ ಎಲ್ಲಿ ಎಂದು ಕೈಗೆ ತಿಳಿಯುವುದೂ ಇಲ್ಲ.
ಹಿಂದಿನ ಪಂಪ್‌ವೆಲ್ ಸರ್ಕಲ್ ಇದ್ದಂತೆ:
ಹೊಕ್ಕವನು ಎತ್ತ ಹೊರಬೀಳುವನೋ
ಹೊಕ್ಕವನಿಗೇ ಗೊತ್ತಿಲ್ಲ.

ಎರಡನೆಯದು ಸದ್ದಿಲ್ಲದ್ದು, ಒಳಗೆ ರಬ್ಬರ್.
ನಮ್ಮ ಮನೆಗೆ ಇದೇ ಸರಿ.
ಹೇಮಾವತಿ ಆಸ್ಪತ್ರೆಯ ರಾತ್ರಿಪಾಳಿ ಮುಗಿಸಿ
ಹಗಲು ಮಲಗುವವಳು, ಚಮಚ ಬಿದ್ದರೂ ಏಳುತ್ತಾಳೆ.
ಆದರೆ ಇದನ್ನು ಆಡಿಸಿದರೆ
ಇಂಜೆಕ್ಷನ್ ಕೊಟ್ಟ ದವಡೆಯಲ್ಲಿ ಚಕ್ಕುಲಿ ಅಗಿದ ಹಾಗೆ.
ಬಿದ್ದ ಗೇರೂ ಬೀಳದ ಗೇರೂ ಒಂದೇ.

ಮೂರನೆಯದು ಚೌಕ.
ತಳಕ್ಕೆ ಕಬ್ಬಿಣದ ತಗಡು,
ಲುಂಗಿಯ ಮೇಲಿಟ್ಟರೂ ಜಾರುವುದಿಲ್ಲ.
ನೆಲ್ಲಿಕಾಯಿಗಿಂತ ದೊಡ್ಡ, ಲಿಂಬೆಗಿಂತ ಸಣ್ಣ ಗುಂಡು,
ಯಾರದೋ ಬೆವರಿಗೆ ಕೆಂಪು ಮಾಸಿದೆ.
ಉಪ್ಪುಗಾಳಿಗೆ ಎರಡು ಮಳೆಗಾಲ ಬಾಳುತ್ತದೆ,
ಆಮೇಲೆ ಸ್ವಿಚ್ಚು ಬದಲಿಸಬೇಕು ಅಂದ.
ಇರಲಿ. ಕ್ಲಚ್ ಪ್ಲೇಟೂ ಅಷ್ಟೇ.
ಕೆಳಗೆ, ಕೆಳಮೂಲೆ, ಮುಂದೆ, ಹೊಡೆ.
ಟಿಕ್, ಟಿಕ್, ಟಿಕ್, ಟಪ್.
ಮೂವತ್ತು ವರ್ಷದ ನಂತರ
ಅಂಗೈಯಿಂದ ಬೆಂಕಿ ಹೊರಟು
ಮುಝಮ್ಮಿಲನ ಟಿವಿಯಲ್ಲಿ ಯಾರಿಗೋ ತಾಗಿತು.

"ಈಗ ಈ ಬದಿ ಬನ್ನಿ, ಒಂದು ಆಟ."
ಬಲಬದಿ.
ಅಲ್ಲಿ ನಾನು ಕೂತದ್ದೇ ಇಲ್ಲ.
ಮುಂದೆ ಎಂದರೆ ಎಡಕ್ಕೆ, ಎಲ್ಲ ತಿರುಗಾಮುರುಗಾ,
ಎಡಗೈ ಹೊಸ ರೂಟಿನ ಹುಡುಗನಂತೆ ತಡವರಿಸಿತು.

ಹಂಪನಕಟ್ಟೆಯಲ್ಲಿ ಟೈಲರ್ ಅಂಗಡಿಯ ಮಹಡಿ ಮೇಲೆ
ಒಂದೇ ಮಿಷನ್, ಒಂದು ರೂಪಾಯಿಗೊಂದು ಆಟ.
ಬಲಕ್ಕೆ ಯಾವಾಗಲೂ ಗ್ರೇಶನ್.
ಸೋತು, ನಗುತ್ತಾ ಎದ್ದು,
"ನಿನ್ನದು ಕೈಯಾ ಮಾರಾಯ, ಒಲೆಯಾ?" ಅನ್ನುತ್ತಿದ್ದ.
ಒಮ್ಮೆ ಅವನು ಚಿಲ್ಲರೆಗೆ ಕೆಳಗಿಳಿದಾಗ
ಸುಮ್ಮನೆ ಅವನ ಹ್ಯಾಂಡಲ್ ಹಿಡಿದೆ, ಮೇಲಕ್ಕೆ ತಳ್ಳಿದೆ.
ಹಾರಲಿಲ್ಲ ಪರದೆಯ ಆಳು.
ಮತ್ತೆ ತಳ್ಳಿದೆ. ನೆಲಕ್ಕೆ ಅಂಟಿ ನಿಂತೇ ಇದ್ದ.
ಮೆಟ್ಟಿಲಲ್ಲಿ ಚಪ್ಪಲಿ ಸದ್ದು.
ಕೈ ಪ್ಯಾಂಟಿಗೆ ಒರೆಸಿಕೊಂಡೆ.
ಆಮೇಲೂ ಎರಡು ವರ್ಷ ಗೆದ್ದೆ.

ಈಗವನು ಬಿಕರ್ನಕಟ್ಟೆಯಲ್ಲಿ ನನ್ನ ಮೊದಲ ಟ್ರಿಪ್ಪು ಹತ್ತುತ್ತಾನೆ,
ಪಾವಿನ ಬುಟ್ಟಿ ಬಾನೆಟ್ಟಿನ ಪಕ್ಕ ಇಡುತ್ತಾನೆ.
"ಹೇಗುಂಟು?"
"ಹೀಗೇ."
ನಂತೂರು ದಾಟುವವರೆಗೂ ಬಸ್ಸಿನಲ್ಲಿ ಬಿಸಿ ಪಾವಿನ ವಾಸನೆ.

ನಾಲ್ಕೂವರೆ ಸಾವಿರ ಎಣಿಸಿಟ್ಟೆ,
ಹೆಚ್ಚಿನವು ಇಪ್ಪತ್ತರ ನೋಟು, ಮಡಚಿ ಮಡಚಿ ಬಟ್ಟೆಯಾದವು.
ಹಗ್ಗ ಬಿಗಿಯುತ್ತಿದ್ದವನನ್ನು ಕೇಳಿದೆ:
ಇದರ ಜೋಡಿ ಉಂಟಾ?
ಇದೇ ಚೌಕ, ಇದೇ ಸ್ಪ್ರಿಂಗ್,
ಮೇಲಕ್ಕೆ ತಳ್ಳಿದರೆ ಹಾರಬೇಕು.

"ಎರಡೆಂತಕ್ಕೆ ಅಣ್ಣ?
ಮಗಳು ಹೆಬ್ಬೆರಳಲ್ಲೇ ಆಡುದು ಅಂದ್ರಿ?"

ಹೌದು, ಪ್ರಾಪ್ತಿಗೆ ಇದೆಲ್ಲ ಬೇಡ,
ಅವಳು ಸಣ್ಣ ಪ್ಯಾಡಿನಲ್ಲೇ ನನ್ನನ್ನು ಮಲಗಿಸುತ್ತಾಳೆ.

ಕಂತಿನಲ್ಲಿ ಕೊಡ್ತೇನೆ ಅಂದೆ.
ನನಗೆ ಬಲಬದಿ ಕೂತು ಅಭ್ಯಾಸ ಆಗಬೇಕು.